ಕೊಯ್ಯೋ ಮನಸಿದ್ದಷ್ಟ ಹಚ್ಚರಿ

‘ತಂಗಿ, ನಿಮ್ಮ ಹೊಂಡದ ನೀರು ತಳ ಕಾಣೋಹಂಗ ಅದ. ನಮ್ಮದ್ಯಾಕ ಹೆಸರಕಾಳಿನ ಕಟ್ಟಿನಂಗ ಹಸಿರಾಗ್ಯದ?’

ಹಿತ್ತಲ ಗೋಡೆಯಾಚೆ ಮೆಂತೆಪಲ್ಯ ಸೋಸುತ್ತ ಕೂತಿದ್ದ ಅಕ್ಕ ಕೇಳಿದರು. ಯುಗಾದಿ ಮುಗಿದು ಹದಿನೈದು ದಿನ. ಹುಮನಾಬಾದಿನ ಬಿಸಿಲು ಬೆಳಗಿನ ಎಂಟಕ್ಕೇ ಬೆನ್ನು ಸುಡುತ್ತಿತ್ತು. ಕಸಬರಿಗೆ ಅಲ್ಲೇ ಬಿಟ್ಟು ಗೋಡೆಗೆ ಆತು ನಿಂತೆ. ಹೊಂಡದ ಮಾತು ಬಂದರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲ.

‘ನೀರಿನ ಮ್ಯಾಲ ನೆರಳಿಲ್ಲಲ್ರಿ ಅಕ್ಕಾರ. ಬಿಸಿಲು, ಮೀನಿನ ಹೊಲಸು, ನೀವು ಹಾಕೋ ಚುರಮರಿ, ಎಲ್ಲಾ ಪಾಚಿಗೇ ಊಟ. ಆ ಊಟ ಬ್ಯಾರೆ ಗಿಡ ಉಂಡ್ರ ಪಾಚಿ ಉಪಾಸ ಬೀಳ್ತದ.’

ಅರ್ಧ ನೀರಿಗಾದರೂ ಎಲೆ ಹರಡಿರಬೇಕು. ಅದಕ್ಕೆ ನೈದಿಲೆಯೇ ಸೈ. ಅಕ್ಕನ ಆಸೆ ಮಾತ್ರ ತಾವರೆ ಮೇಲೆ. ತಾವರೆಯ ಬೇರುಗಡ್ಡೆ ಓಡುತ್ತದೆ, ಸಣ್ಣ ಹೊಂಡವನ್ನು ಕೆಲವೇ ಮಳೆಗಾಲದಲ್ಲಿ ನುಂಗಿಬಿಡುತ್ತದೆ. ಬೇಕೇ ಬೇಕೆಂದರೆ ಅದಕ್ಕೊಂದು ಬೇರೆ ಟಬ್ ಇಡಬೇಕು. ಬೀಜದ ಚಿಪ್ಪು ಕಲ್ಲಿನಂಥದು, ಒಳಗಿನ ಬಿಳುಪು ಕಾಣುವವರೆಗೆ ಒಂದು ತುದಿ ತಿಕ್ಕಿ ನೀರಿಗೆ ಹಾಕಿದರೆ ವಾರದಲ್ಲಿ ಮೊಳಕೆ. ಚೀನಾದಲ್ಲಿ ಹಳೆಯ ಕೆರೆಯೊಂದರ ತಳದ ಮಣ್ಣಿನಲ್ಲಿ ಸುಮಾರು 1300 ವರ್ಷ ಮಲಗಿದ್ದ ತಾವರೆ ಬೀಜ ಮೊಳೆತದ್ದುಂಟು. ಬಸವಣ್ಣನವರು ಕಲ್ಯಾಣಕ್ಕೆ ಬರುವ ನಾಲ್ಕು ಶತಮಾನಕ್ಕೂ ಮೊದಲು ಉದುರಿದ ಬೀಜ! ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

‘ಮತ್ತ ನೇರಳಿ ಹೂವಿಂದು, ನೀರ ಮ್ಯಾಲ ತೇಲ್ತದಲ್ಲ, ಅದು?’

‘ಅಂತರಗಂಗಿ? ಅದರ ಸುದ್ದೀಗೇ ಹೋಗಬ್ಯಾಡ್ರಿ.’

ಚೆಂದದ ಹೂವಿಗಾಗಿ ದಕ್ಷಿಣ ಅಮೆರಿಕದಿಂದ ಬಂದ ಗಿಡ ಅದು, ಎರಡು ವಾರಕ್ಕೆ ದುಪ್ಪಟ್ಟಾಗುತ್ತದೆ. ಹೋದ ವರ್ಷ ಶಿವರಾತ್ರಿ ಹೊತ್ತಿಗೆ ಒಂದೆರಡು ಗಿಡ ತಂದು ಬಿಟ್ಟಿದ್ದೆ. ಮೇ ತಿಂಗಳಿಗೆ ಅಂಗೈಯಗಲ ನೀರೂ ಕಾಣದಾಯಿತು. ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ. ನೀರು ಬಿಸಿಯಾದಷ್ಟೂ ಅದರೊಳಗಿನ ಆಮ್ಲಜನಕವೂ ಇಳಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಯಲ್ಲಿ 7ಕ್ಕೆ ಬರುತ್ತದೆ. ಒಂದು ನಸುಕಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಆರು ಸತ್ತವು. ಮಕ್ಕಳು ಅವನ್ನು ಪೇರಲ ಗಿಡದ ಬುಡದಲ್ಲಿ ಹೂತರು.

ನೀರೊಳಗೇ ಬೆಳೆಯುವುದಕ್ಕೆ ನಮ್ಮ ಕೆರೆಗಳ ಹೈಡ್ರಿಲ್ಲಾ ಸಾಕು, ಹಿಡಿಯಷ್ಟು. ಅಂಚಿಗೆ ಒಂದೆಲಗ, ನೀರುಬ್ರಾಹ್ಮಿ. ಆಪು ಹಚ್ಚುವುದಾದರೆ ಕುಂಡದಲ್ಲೇ, ಇಲ್ಲವಾದರೆ ಅದರ ಚೂಪು ಬೇರು ತಳದ ತಾಡಪತ್ರಿ ಸೀಳುತ್ತದೆ.

ಆಪು ಎಂದ ಕೂಡಲೇ ಅಕ್ಕನ ಮುಖ ಅರಳಿತು. ಅವರ ತವರು ಬಸವಕಲ್ಯಾಣ. ತ್ರಿಪುರಾಂತ ಕೆರೆಯ ದಂಡೆ, ಶರಣರ ಗವಿಗಳು ಅವರು ಆಡಿ ಬೆಳೆದ ಜಾಗ.

‘ನಮ್ಮ ಶರಣ ನುಲಿಯ ಚಂದಯ್ಯನವರು ಕೆರಿ ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನ ಮಾರಿ ದಾಸೋಹ ಮಾಡ್ತಿದ್ರು. ಕೊಯ್ಯೋವಾಗ ಲಿಂಗ ನೀರಿಗಿ ಬಿದ್ರೂ ಕಾಯಕ ಬಿಡಲಿಲ್ಲ ನೋಡು.’

ಈ ಕಥೆಯನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ಅದರೊಳಗಿನ ಕುಡುಗೋಲು ನನ್ನ ಕಣ್ಣಿಗೆ ಬಿದ್ದದ್ದು ಹೊಂಡ ತೋಡಿಸಿದ ಮೇಲೆ. ಗಿಡ ನೀರಿನ ಸಾರ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಹಾಗೇ ಬಿಟ್ಟರೆ ಎಲೆ ಕೊಳೆತು ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಕೊಯ್ದು ಹೊರಗೆ ಹಾಕಿದರೇ ನೀರು ಹಗುರಾಗುವುದು. ಹುಲ್ಲು ಕೊಯ್ಯುವವರು ದಿನಾ ಇಳಿಯುತ್ತಿದ್ದ ಕೆರೆಗಳು ಅದಕ್ಕೇ ತಿಳಿಯಾಗಿದ್ದವೆಂದು ನನಗನ್ನಿಸುತ್ತದೆ.

‘ಅದಕ್ಕ ಅಕ್ಕಾರ, ಕೊಯ್ಯೋ ಮನಸಿದ್ದಷ್ಟ ಹಚ್ಚರಿ. ಹದಿನೈದು ದಿನಕ್ಕೊಮ್ಮಿ ಹಳದಿ ಎಲಿ ಚಿವುಟ್ರಿ. ಹೈಡ್ರಿಲ್ಲಾ ಒಂದು ಬುಟ್ಟಿ ಜಗ್ಗಿ ತಗದು ಕರಿಬೇವಿನ ಬುಡಕ್ಕ ಹಾಕ್ರಿ.’

ಹಸಿ ಗೋಣಿತಟ್ಟಿನಲ್ಲಿ ಸುತ್ತಿದ ನೈದಿಲೆ ಗಡ್ಡೆಯೊಂದನ್ನು ತಂದು ಗೋಡೆಯ ಮೇಲಿಟ್ಟೆ. ‘ಕುಂಡದಾಗ ಎರಿಮಣ್ಣು ತುಂಬಿ ಹಚ್ಚರಿ, ಹಸಿ ಗೊಬ್ಬರ ಬ್ಯಾಡ. ಮಣ್ಣು ಮ್ಯಾಲ ಏಳದಂಗ ಎರಡು ಹಿಡಿ ಗರಸು ಹಾಕ್ರಿ. ಮೊದಲ ಗೇಣುದ್ದ ನೀರಾಗ ಇಟ್ಟು, ಎಲಿ ಬಂದಂಗೆಲ್ಲ ಕೆಳಗ ಇಳಸ್ರಿ.’

ಅಕ್ಕ ಮೆಂತೆಪಲ್ಯದ ತಾಟು ಪಕ್ಕಕ್ಕಿಟ್ಟು, ಗಡ್ಡೆಯನ್ನು ಸೆರಗಿನಲ್ಲಿ ಹಿಡಿದುಕೊಂಡು, ಕುಡುಗೋಲು ಎಲ್ಲಿಟ್ಟಿದ್ದೀಯೆಂದು ಮಗನನ್ನು ಕೂಗುತ್ತ ಒಳಗೆ ಹೋದರು.