ದ್ವಿವರ್ಷವಿದ್ಯಾಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ಎರಡೇ ವರ್ಷ ಓದಿ ಕೈತುಂಬ ಸಂಪಾದಿಸುವ ವಿದ್ಯೆಯನ್ನು ಕುರಿತ ಈ ಅಲ್ಪಕೃತಿಯೂ ಅದಕ್ಕೆ ತಲೆಬಾಗತಕ್ಕುದು. ಮಂಗಳೂರಿನ ಬೆಂಗ್ರೆಯ ಮರಳಿನಲ್ಲಿ ಕಾಲ್ಚೆಂಡಾಡಿ ಬೆಳೆದು ಎಸ್ಸೆಸ್ಸೆಲ್ಸಿಯನ್ನು ಹೇಗೋ ದಾಟಿದ ಹುಡುಗನೇ ಅಧಿಕಾರಿ, ಎಂಜಿನ್ನು ವಿಷಯ, ಮಾವನ ಬೋಟಿರುವುದರಿಂದ ಇವೆರಡಕ್ಕೂ ಸಂಬಂಧ, ಪ್ರಯೋಜನವೇನೆಂಬುದನ್ನು ಆತನ ತಾಯಿ ತಿಂಗಳಿಗೊಮ್ಮೆ ವಿಚಾರಿಸುತ್ತಾಳೆ. ಬೆಸುಗೆಯ ವಿದ್ಯೆಯು ಐಟಿಐಯಲ್ಲಿ ಒಂದೇ ವರ್ಷದ್ದಾದುದರಿಂದ, ವೆಲ್ಡರನು ಎಷ್ಟೇ ದುಡಿದರೂ ಈ ಗ್ರಂಥದೊಳಕ್ಕೆ ಬಾರನು.

ಇಲ್ಲಿ ಪೂರ್ವಪಕ್ಷಿಯು, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜೇ ಇರುವಾಗ ನಾಲ್ಕು ವರ್ಷ ಓದಿ ಪದವೀಧರನಾಗಬಾರದೇಕೆ ಎಂದು ಆಕ್ಷೇಪಿಸುವನು. ಆಗಲಿ; ನಾಲ್ಕು ವರ್ಷದವನು ಬೂತಾಯಿ ಮೀನಿನ ಲ್ಯಾಟಿನ್ ನಾಮಧೇಯವನ್ನು ಬಲ್ಲನು. ಬೂತಾಯಿಗೆ ಅದು ತಿಳಿಯದು.

ಸಿದ್ಧಾಂತವಿರುವುದು ಕೊಚ್ಚಿಯಲ್ಲಿ. 1963ರಲ್ಲಿ ಸ್ಥಾಪಿತವಾಗಿ ಈಗ ಸಿಫ್‌ನೆಟ್ ಎನಿಸಿಕೊಂಡಿರುವ ಕೇಂದ್ರ ಸರಕಾರದ ಸಂಸ್ಥೆಯು, ವೆಸೆಲ್ ನ್ಯಾವಿಗೇಟರ್, ಮೆರೈನ್ ಫಿಟ್ಟರ್ ಎಂಬೆರಡು ವಿದ್ಯೆಗಳನ್ನು ಇಪ್ಪತ್ತನಾಲ್ಕು ತಿಂಗಳಲ್ಲಿ ಕಲಿಸುತ್ತದೆ. ಬಳಿಕ ಕಡಲಿನಲ್ಲಿ ದುಡಿದು, ಪರೀಕ್ಷೆ ಗೆದ್ದು, ಒಬ್ಬನು ಮೇಟ್, ಸ್ಕಿಪ್ಪರ್ ಎಂದೂ ಇನ್ನೊಬ್ಬನು ಎಂಜಿನ್ ಡ್ರೈವರ್ ಎಂದೂ ಏರಬಹುದು. ಕುಂಟನೂ ಕುರುಡನೂ ಕೂಡಿ ನಡೆಯುವ ಸಾಂಖ್ಯರ ಪಂಗ್ವಂಧನ್ಯಾಯಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತವುಂಟೆ? ಮೇಲಿನ ಕೋಣೆಯಲ್ಲಿರುವವನು ಎಲ್ಲವನ್ನೂ ಕಾಣುವನು, ತಾನಾಗಿ ಒಂದಡಿಯೂ ಸರಿಯಲಾರನು. ಕೆಳಗೆ ಎಂಜಿನ್ನಿನ ಬಳಿಯಿರುವವನು ಬೋಟನ್ನೇ ಓಡಿಸುವನು, ಕಡಲನ್ನು ಮಾತ್ರ ಕಾಣನು.

ಇವರೊಳಗೆ ಧನಿಕನಾರು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಅರುವತ್ತೊಂದು ದಿನಗಳ ಕಾಲ, ಹಿಡಿದ ಮೀನಿನ ಪಾಲನ್ನೇ ನೆಚ್ಚಿದ ದಿಗ್ದರ್ಶಕನು ಚಾತುರ್ಮಾಸ್ಯದ ಯತಿಯಂತೆ ಮನೆಯಲ್ಲಿರುವನು. ಫಿಟ್ಟರನಿಗಾದರೋ ಅದೇ ಸುಗ್ಗಿ. ದಡ ಸೇರಿದ ಬೋಟುಗಳ ಎಂಜಿನ್ನುಗಳೆಲ್ಲ ಬಿಚ್ಚಿಕೊಳ್ಳುವುದು ಆಗಲೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ, ಕಣ್ಮುಚ್ಚಿ, ಬೇರಿಂಗು ಸವೆದಿದೆಯೆಂದು ಆತನು ನುಡಿದರೆ ಮಾಲಿಕನು ಎದುರಾಡನು. ಶಬ್ದಪ್ರಮಾಣವೆಂದು ತಾರ್ಕಿಕರು ಕರೆದದ್ದು ಇದನ್ನೇ ಇರಬೇಕೆಂದು ನನಗೆ ತೋರುತ್ತದೆ.

ಈ ಮೀಮಾಂಸೆಯ ಉತ್ತರಭಾಗವನ್ನು ಕಂಕುಳಲ್ಲಿರಿಸಿಕೊಂಡು, ಪಡುವಲಿಗೆ ಅರಬ್ಬೀ ಸಮುದ್ರವೂ ಮೂಡಲಿಗೆ ಫಲ್ಗುಣಿಯೂ ಇರುವ ಬೆಂಗ್ರೆಯಿಂದ ನಾನು ಒಂದು ಸಂಜೆ ಬಂದರಿಗೆ ಮರಳುತ್ತಿರಲು, ದೋಣಿಯು ನಡುಹೊಳೆಯಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಹುಡುಗನೊಬ್ಬನು ಹಲಗೆಯನ್ನೆತ್ತಿ ಕೆಳಗಿಳಿದು, ಡೀಸೆಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದನು. ನೊರೆ ಬಂದಿತು; ಮತ್ತೆ ನೊರೆ.

“ಗಾಳಿ ಹೊಕ್ಕಿದೆ ಮಾಷ್ಟ್ರೇ,” ಎಂದನು. “ಆ ಕಾಗದದ ಕಟ್ಟು ಬದಿಗಿಟ್ಟು ಸ್ವಲ್ಪ ಟಾರ್ಚು ಹಿಡಿಯಿರಿ ಮಾರಾಯ್ರೇ.”

ಹಿಡಿದೆನು.