ಸಂಕೋಚದ ಆನೆ

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಲಾಂಛನ ಆನೆ. ಹಸಿವು ಮಾತ್ರ ಸಂಕೋಚದ ನೆಂಟರದು. 64 ಜಿಬಿ ಮೆಮೊರಿಯ ಸರ್ವರ್ ಮುಂದಿಟ್ಟರೂ ಶೇರ್ಡ್ ಬಫರ್ಸ್‌ಗೆಂದು 128 ಎಂಬಿ ಹಾಕಿಸಿಕೊಂಡು 'ಸಾಕು ಸಾಕು' ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತದೆ. ಕಾಲು ಭಾಗದಷ್ಟು ಕೊಟ್ಟು ನೋಡಿ ಎಂದು ಅದರ ಕೈಪಿಡಿಯೇ ಹೇಳುವುದರಿಂದ 16 ಜಿಬಿ ಕೊಟ್ಟೆವು. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯದ್ದು ನಮ್ಮ ಮ್ಯಾನೇಜರರದು. ಸೆಟ್ಟಿಂಗ್ಸ್ ಫೈಲಿನಲ್ಲಿ ಅವರ ಕಣ್ಣಿಗೆ ಬೀಳುವುದು ದಪ್ಪ ಸಂಖ್ಯೆಗಳೇ.

"ಏನ್ರೀ, ಈ ಎಫೆಕ್ಟಿವ್ ಕ್ಯಾಷ್ ಸೈಜ್ 4 ಜಿಬಿ ನುಂಗ್ತಿದೆಯಲ್ಲ?"

"ಅದು ಒಂದು ಬೈಟನ್ನೂ ಮುಟ್ಟಲ್ಲ ಸಾರ್. ಕ್ವೆರಿ ಪ್ಲಾನರ್‌ಗೆ ಹೇಳೋ ಅಂದಾಜು, ಅಷ್ಟೇ."

"ಮತ್ತೆ ಈ ವರ್ಕ್ ಮೆಮ್? ಬರೀ 4 ಎಂಬಿ! ನಾಚಿಕೆಗೇಡು. 256 ಮಾಡಿ."

ಫೈಲಿನಲ್ಲಿ ನಿಜವಾದ ಕಿಲಾಡಿ ಈ ಪಾಪದ ಮುಖದ 4 ಎಂಬಿಯೇ. ಅದು ಇಡೀ ಸರ್ವರ್‌ಗಲ್ಲ, ಒಂದು ಕನೆಕ್ಷನ್‌ಗೂ ಅಲ್ಲ. ಒಂದೊಂದು ಸಾರ್ಟ್‌ಗೆ ಅಷ್ಟಷ್ಟು. ಹ್ಯಾಷ್ ಆದರೆ, 15ನೇ ಆವೃತ್ತಿಯಿಂದೀಚೆಗೆ, ಅದರ ದುಪ್ಪಟ್ಟು. ನೂರು ಕನೆಕ್ಷನ್ ಒಟ್ಟಿಗೆ ಮೂರು ಮೂರು ಸಾರ್ಟ್‌ಗೆ ಕೂತು, ಒಂದೊಂದೂ 256 ಎಂಬಿ ಕೇಳಿದರೆ 75 ಜಿಬಿ. ಇರುವುದು 64. ಆಗ ಲಿನಕ್ಸ್ ತನ್ನ ಓಓಎಂ ಕಿಲ್ಲರನ್ನು ಛೂ ಬಿಡುತ್ತದೆ. ಅದು ಕೊಲ್ಲುವುದು ಒಂದೇ ಪ್ರೊಸೆಸ್ ಇರಬಹುದು. ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಭಯಕ್ಕೆ ಪೋಸ್ಟ್‌ಗ್ರೆಸ್ ಎಲ್ಲರ ಕನೆಕ್ಷನ್ ಕಡಿದು, ರಿಕವರಿ ಮಾಡಿಕೊಂಡು ಮತ್ತೆ ಏಳುತ್ತದೆ. ಅಷ್ಟರಲ್ಲಿ ನಮ್ಮ ಫೋನುಗಳೂ ಎದ್ದಿರುತ್ತವೆ.

ಹಾಗಾದರೆ ಎಷ್ಟಿಡಬೇಕು? ಲಾಗನ್ನೇ ಕೇಳಬೇಕು. ವರ್ಕ್ ಮೆಮ್ ಸಾಲದೆ ಡಿಸ್ಕಿಗೆ ಚೆಲ್ಲಿದ್ದನ್ನೆಲ್ಲ ಬರೆದಿಡು ಎನ್ನಲು ಲಾಗ್ ಟೆಂಪ್ ಫೈಲ್ಸ್ ಎಂಬುದಿದೆ. ಇದರ ಲೆಕ್ಕ ವಿಚಿತ್ರ: ಬಾಯಿ ಮುಚ್ಚಿಸಲು ಮೈನಸ್ 1, ಸೊನ್ನೆ ಎಂದರೆ ಒಂದನ್ನೂ ಬಿಡದೆ ಒದರು ಎಂದರ್ಥ. ನಿಧಾನದ ಕ್ವೆರಿ ಬರೆಯುವ ಸೆಟ್ಟಿಂಗಿಗೂ ಇದೇ ನ್ಯಾಯ. "ಲಾಗ್ ಜಾಸ್ತಿ ಆಯ್ತು, ಸೊನ್ನೆ ಮಾಡಿ" ಎನ್ನುವವರ ಡಿಸ್ಕನ್ನು ದೇವರೇ ಕಾಯಬೇಕು.

ನಾವು ಸೊನ್ನೆಯನ್ನು ಟೆಂಪ್ ಫೈಲಿಗೆ ಮಾತ್ರ ಹಾಕಿ ಕಾದೆವು. ಡಿಸ್ಕಿಗೆ ಧಾರಾಳವಾಗಿ ಚೆಲ್ಲುತ್ತಿದ್ದದ್ದು ಒಂದೇ ಒಂದು ಕ್ವೆರಿ: ಮ್ಯಾನೇಜರರ ತಿಂಗಳ ರಿಪೋರ್ಟು. ಅದರ ಸೆಷನ್‌ಗೆ ಮಾತ್ರ 256 ಕೊಟ್ಟೆವು. ರಿಪೋರ್ಟು ಓಡತೊಡಗಿತು. ಫೈಲಿನಲ್ಲಿ ಈಗಲೂ 4 ಎಂಬಿಯೇ ಇದೆ. "ನಾನು ಹೇಳ್ಲಿಲ್ವಾ?" ಎಂದು ಅವರು ಮೀಟಿಂಗಿನಲ್ಲಿ ಹೇಳಿಕೊಳ್ಳುವಾಗ ನಾವೆಲ್ಲ ತಲೆಯಾಡಿಸುತ್ತೇವೆ.