ಚಿತ್ರ ಯಾರದ್ರೀ?

ಚಿಕ್ಕೋಡಿ, ರಾಯಬಾಗದ ಕಡೆ ಹೆಸರಿಲ್ಲದ ವಸ್ತು ಸಿಗುವುದು ಕಷ್ಟ. ಮದುವೆಯಲ್ಲಿ ಆಯೇರಿ ಮಾಡಿದ ತಂಬಿಗೆಯ ಕೊರಳಲ್ಲೂ ಸೋದರಮಾವನ ಹೆಸರು, ಊರು, ತಾರೀಕು ಚುಕ್ಕೆಚುಕ್ಕೆಯಾಗಿ ಕೊರೆದಿರುತ್ತದೆ. ಕಾಗವಾಡದ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ನಾಯಕರಿಗೆ ಹುಟ್ಟುಹಬ್ಬದ ಶುಭಾಶಯ ಒಂದೇ ಸಾಲು, ಶುಭ ಕೋರುವವರ ಮೋರೆ ಮಾತ್ರ ಮೂರು ಸಾಲು. ಕೆಳಮೂಲೆಯಲ್ಲಿ ಮುದ್ರಿಸಿದವನ ಮೊಬೈಲ್ ನಂಬರು. ಇಂಥ ಸೀಮೆಯಲ್ಲಿ ಹೆತ್ತವರ ಹೆಸರಿಲ್ಲದೆ ತಿರುಗಾಡುವುದು ಒಂದೇ, ಚಿತ್ರ.

ಚಿಕ್ಕೋಡಿಯಲ್ಲಿ ಒಬ್ಬ ಆಪ್ತ ಸಮಾಲೋಚಕಿ ವೆಬ್‌ಸೈಟ್ ಮಾಡಿಸಲು ಹೊರಟರೆನ್ನಿ. ಕಂಪ್ಯೂಟರ್ ಹುಡುಗ ಅರ್ಧ ತಾಸಿನಲ್ಲಿ ಪುಟ ತುಂಬಿಸುತ್ತಾನೆ: ಒಂದರ ಮೇಲೊಂದು ಪೇರಿಸಿದ ನುಣುಪು ಕಲ್ಲು, ಕಮಲ, ತಲೆ ಹಿಡಿದು ಕೂತ ಹೆಂಗಸು.

“ಇವು ಯಾರ ಚಿತ್ರಪಾ?”

“ಗೂಗಲ್‌ದಾಗಿನೂ ರೀ ಮೇಡಂ, ಪುಕಟ ಅದಾವು. ಹೆಸರು ಹಾಕಾಕ ಜಾಗಾ ಎಲ್ಲೈತ್ರಿ?”

ಈ ಚಿತ್ರಗಳನ್ನು ಗೂಗಲ್ ಹುಡುಕಿಕೊಟ್ಟಿತೇ ಹೊರತು ತಾನೇ ಕೂತು ಬರೆಯಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಪ್ರಕಾರ, ಹಕ್ಕು ಮಾರಿಕೊಂಡ ಮೇಲೂ ‘ಇದು ನನ್ನ ಕೃತಿ’ ಎನ್ನುವ ಅಧಿಕಾರ ಕಲಾವಿದನಿಗೇ ಉಳಿಯುತ್ತದೆ. ಪುಕಟ ಚಿತ್ರಗಳಲ್ಲೂ ಜಾತಿ ಬೇರೆ ಬೇರೆ. ಅನ್‌ಸ್ಪ್ಲ್ಯಾಶ್ ಜಾಲತಾಣದವರು ಹೆಸರು ಹಾಕಲೇಬೇಕೆಂದು ಹಟ ಹಿಡಿಯುವುದಿಲ್ಲ, ಹಾಕಿದರೆ ಸಂತೋಷ ಅನ್ನುತ್ತಾರೆ. ಕ್ರಿಯೇಟಿವ್ ಕಾಮನ್ಸ್‌ನ ಬಹುತೇಕ ಪರವಾನಗಿಗಳಲ್ಲಿ ಹಾಗಿಲ್ಲ: ಚಿತ್ರ ಯಾರದು, ಎಲ್ಲಿಯದು, ಯಾವ ಪರವಾನಗಿ, ಎಲ್ಲ ಬರೆಯಬೇಕು.

ತಲೆ ಹಿಡಿದ ಹೆಂಗಸಿನದು ಇನ್ನೊಂದು ಪೇಚು. ಮನಸ್ಸಿನ ಕಾಯಿಲೆ ಎಂದರೆ ಇದೊಂದೇ ಭಂಗಿಯೇ ಎಂದು ಕೇಳಿ ಬ್ರಿಟನ್ನಿನ ‘ಟೈಮ್ ಟು ಚೇಂಜ್’ ಅಭಿಯಾನದವರು ಪತ್ರಿಕೆಗಳಿಗೆ ಬೇರೆ ಚಿತ್ರಗಳನ್ನೇ ಒದಗಿಸಬೇಕಾಯಿತು. ನಮ್ಮ ಕಡೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. “ಈಕಿ ನಿಪ್ಪಾಣಿ ಮಾಸ್ತರ ಮಗಳಲ್ಲೇನು? ಪಾಪ, ಏನಾತಂತ?” ಎಂದು ಸಂತೆಯಲ್ಲಿ ಸುದ್ದಿ ಶುರುವಾದರೆ, ಆಕೆ ಯಾವುದೋ ದೇಶದ ರೂಪದರ್ಶಿ ಎಂದು ಯಾರು ಹೇಳಿ ನಂಬಿಸಬೇಕು? ಫೋಟೋ ಮಾರುವ ದೊಡ್ಡ ಕಂಪನಿಗಳು ಮನೋರೋಗದಂಥ ವಿಷಯಕ್ಕೆ ಮುಖ ಬಳಸಿದರೆ ‘ಚಿತ್ರದಲ್ಲಿರುವವರು ರೂಪದರ್ಶಿ’ ಎಂದು ಬರೆಯಿರಿ ಅನ್ನುವುದು ಸುಮ್ಮನೆ ಅಲ್ಲ.

ಹಾಗಾದರೆ ತೀರಿಹೋದವರ ಚಿತ್ರವೇ ವಾಸಿ ಅನಿಸಬಹುದು. ನಮ್ಮ ಕಾಯ್ದೆಯಲ್ಲಿ ಕಲಾವಿದ ತೀರಿಕೊಂಡ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಚಿತ್ರಕಾರ ಎಡ್ವರ್ಡ್ ಮುಂಕ್ ಹೋದದ್ದು 1944ರಲ್ಲಿ. ಅವನ 1893ರ ‘ಚೀತ್ಕಾರ’ ಹಾಕಿಕೊಳ್ಳಬಹುದು. ಆದರೆ ಸಮಾಧಾನಕ್ಕೆಂದು ಬಂದವರು ಬಾಗಿಲಲ್ಲೇ ಆ ಚೀರುವ ಮುಖ ಕಂಡರೆ ಮುಂದಿನ ಬಸ್ಸಿಗೇ ಅಥಣಿಗೆ ವಾಪಸ್. ಹರ್ಮನ್ ರೋರ್ಶಾಕ್ 1921ರಲ್ಲಿ ಪ್ರಕಟಿಸಿದ ಮನೋಪರೀಕ್ಷೆಯ ಹತ್ತು ಮಸಿಕಲೆಗಳಿಗೂ ಹಕ್ಕಿನ ಕಾಟವಿಲ್ಲ. 2009ರಲ್ಲಿ ಹತ್ತೂ ವಿಕಿಪೀಡಿಯದಲ್ಲಿ ಕಂಡಾಗ ಕೆರಳಿದವರು ವಕೀಲರಿಗಿಂತ ಹೆಚ್ಚಾಗಿ ಮನಶ್ಶಾಸ್ತ್ರಜ್ಞರು: ಪ್ರಶ್ನೆಪತ್ರಿಕೆ ಬಯಲಾಯಿತಲ್ಲ!

ಹೆಸರು ಬಿಟ್ಟರೆ ಏನಾಗುತ್ತದೆ ಎಂದು ಈ ಸೀಮೆಗೆ ಬೇರೆ ಯಾರೂ ಕಲಿಸಬೇಕಿಲ್ಲ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿಯ ರೂಪದರ್ಶಿಗಳು ಮೆಟ್ಟಿ ನಡೆದದ್ದು ಥೇಟ್ ಕೊಲ್ಹಾಪುರಿ ಚಪ್ಪಲಿ. ಕಂಪನಿ ಕೊಟ್ಟ ಹೆಸರು ಬರೀ ‘ಚರ್ಮದ ಚಪ್ಪಲಿ’. ಗದ್ದಲ ಎದ್ದ ಮೇಲೆ ಇದಕ್ಕೆ ಭಾರತದ ಕರಕುಶಲ ಪಾದರಕ್ಷೆಯೇ ಪ್ರೇರಣೆ ಎಂದು ಪತ್ರ ಬರೆದು ಒಪ್ಪಿಕೊಂಡರು. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮವನ್ನು ಮೊಳೆ ಮುಟ್ಟಿಸದೆ ಚರ್ಮದ ದಾರದಲ್ಲೇ ಹೊಲಿಯುವ ಈ ಚಪ್ಪಲಿ ಅಥಣಿ, ನಿಪ್ಪಾಣಿಗಳಲ್ಲೂ ತಯಾರಾಗುತ್ತದೆ. ಅದಕ್ಕೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಹೊಲಿದವರು ಅಥಣಿಯವರು, ಹೆಸರು ಕೊಲ್ಹಾಪುರದ್ದು. ಮಿಲಾನ್‌ನಲ್ಲಿ ಅದೂ ಹೋಯಿತು. ಆಗ ವಾಟ್ಸ್ಯಾಪಿನಲ್ಲಿ ಸಿಟ್ಟು ಕಾರಿದವರ ಪೋಸ್ಟುಗಳನ್ನು ನೋಡಬೇಕಿತ್ತು. ಚಪ್ಪಲಿಯ ಫೋಟೋ ತೆಗೆದವನ ಹೆಸರು ಒಂದರಲ್ಲೂ ಇರಲಿಲ್ಲ.

ಮೇಡಂ ಪಟ್ಟು ಬಿಡುವುದಿಲ್ಲ ಎನ್ನಿ. ಕಲ್ಲಿನ ಕೆಳಗೆ, ಕಮಲದ ಕೆಳಗೆ ಛಾಯಾಗ್ರಾಹಕರ ಹೆಸರು ಬರುತ್ತದೆ, ಹೆಂಗಸು ಹೋಗಿ ಖಾಲಿ ಕುರ್ಚಿ ಬರುತ್ತದೆ. ಅಕ್ಷರ ಎಷ್ಟು ಸಣ್ಣದೆಂದರೆ ಓದಲು ಭೂತಗನ್ನಡಿ ಬೇಕು. ಜಾಗ ಇಲ್ಲವಲ್ಲ! ಆದರೆ ಪುಟದ ತಳದಲ್ಲಿ, ಸಮಾಲೋಚಕಿಯ ಹೆಸರಿಗಿಂತಲೂ ದಪ್ಪ ಅಕ್ಷರಗಳಲ್ಲಿ, ವೆಬ್‌ಸೈಟ್ ಮಾಡಿದ ಹುಡುಗನ ಹೆಸರು, ಅವನ ಅಂಗಡಿಯ ಹೆಸರು, ಬಸ್ ಸ್ಟ್ಯಾಂಡಿನ ಹಿಂದುಗಡೆ ಎಂಬ ವಿಳಾಸ, ಎರಡು ಮೊಬೈಲ್ ನಂಬರು.